ಉಬ್ಬಿ ಬೆಳೆಯುವ ಗಾಯದ ಕಲೆ: ಕತ್ತರಿಸಬೇಕೋ, ಇಂಜೆಕ್ಷನ್ ಸಾಕೋ?

ಪ್ರಶ್ನೆ: ನನಗೆ 24 ವರ್ಷ. ಎರಡು ವರ್ಷದ ಹಿಂದೆ ಎದೆಯ ನಡುವೆ ಒಂದು ಮೊಡವೆ ಎದ್ದಿತ್ತು. ಮೊಡವೆ ಹೋಯಿತು, ಆ ಜಾಗದಲ್ಲಿ ಗಟ್ಟಿ ಕಲೆ ಉಳಿಯಿತು. ಈಗ ಅದು ಎರಡು ಬೆರಳಿನಷ್ಟು ಅಗಲ ಆಗಿದೆ, ಅಂಚು ಇನ್ನೂ ಹರಡುತ್ತಿದೆ, ರಾತ್ರಿ ವಿಪರೀತ ತುರಿಕೆ. ಕಿವಿಯ ಮೇಲ್ಭಾಗ ಚುಚ್ಚಿಸಿದ ಕಡೆ ಹಿಂಬದಿಗೆ ಸಣ್ಣ ಗೋಲಿಯಷ್ಟು ಗಂಟೂ ಇದೆ. ಒಬ್ಬ ಡಾಕ್ಟರ್ ಎರಡನ್ನೂ ಕತ್ತರಿಸಿ ತೆಗೆಯೋಣ ಅಂದರು. ಇನ್ನೊಬ್ಬರು ಕತ್ತರಿಸೋದು ಬೇಡ, ಇಂಜೆಕ್ಷನ್ ಕೊಡೋಣ ಅಂದರು. ನನ್ನ ಅಕ್ಕನಿಗೆ ಸಿಸೇರಿಯನ್ ಆದ ಮೇಲೆ ಹೊಲಿಗೆಯ ಕಲೆ ಹೀಗೇ ಉಬ್ಬಿತ್ತು, ಏನೂ ಮಾಡದೆ ತಾನಾಗಿಯೇ ತಗ್ಗಿತು. ನನ್ನದು ಯಾಕೆ ತಗ್ಗುತ್ತಿಲ್ಲ? ಇದು ಕ್ಯಾನ್ಸರ್ ಇರಬಹುದಾ? ಪೂರ್ತಿ ಹೋಗುತ್ತಾ?

ಉತ್ತರ: ಮೊದಲು ನಿಮ್ಮ ಭಯದ ಬಗ್ಗೆ. ನೀವು ಬರೆದಿರುವುದನ್ನು ನೋಡಿದರೆ ಎರಡೂ ಕೆಲಾಯ್ಡ್, ಅಂದರೆ ಮೂಲ ಗಾಯದ ಗಡಿ ದಾಟಿ ಬೆಳೆಯುವ ಕಲೆ. ಕೆಲಾಯ್ಡ್ ಕ್ಯಾನ್ಸರ್ ಅಲ್ಲ. ಎಷ್ಟೇ ಬೆಳೆದರೂ ಚರ್ಮದಲ್ಲೇ ಇರುತ್ತದೆ, ದೇಹದ ಬೇರೆ ಅಂಗಕ್ಕೆ ಹೋಗುವುದಿಲ್ಲ. ಇನ್ನೊಬ್ಬರಿಗೆ ಅಂಟುವುದೂ ಇಲ್ಲ. ಸಾಮಾನ್ಯವಾಗಿ ಕಣ್ಣಲ್ಲಿ ನೋಡಿ, ಕೈಯಲ್ಲಿ ಮುಟ್ಟಿಯೇ ಹೇಳಿಬಿಡುತ್ತೇವೆ. ಚೂರು ತೆಗೆದು ಬಯಾಪ್ಸಿಗೆ ಕಳಿಸುವುದು ಅಪರೂಪ, ಯಾಕೆಂದರೆ ಆ ಪರೀಕ್ಷೆಯೇ ಇನ್ನೊಂದು ಗಾಯ, ಅದರಿಂದಲೇ ಗಂಟು ಇನ್ನಷ್ಟು ಬೆಳೆಯಬಹುದು. ಆದರೆ ಕೆಲವು ಸಂದರ್ಭದಲ್ಲಿ ಬಯಾಪ್ಸಿ ಬಿಡಲೇಬಾರದು. ಯಾವ ಗಾಯವೂ ಇಲ್ಲದ ಕಡೆ ಗಂಟು ಎದ್ದು ಒಂದೇ ಸಮ ಬೆಳೆಯುತ್ತಿದ್ದರೆ, ಒಂದು ಕಡೆ ಮಾತ್ರ ಉಬ್ಬಿ ಆಕಾರ ಕೆಟ್ಟಿದ್ದರೆ, ಮೇಲೆ ಹುಣ್ಣಾಗಿ ರಕ್ತ ಬರುತ್ತಿದ್ದರೆ ಪರೀಕ್ಷೆ ಆಗಲೇಬೇಕು. ಕೆಲಾಯ್ಡ್ ಹಾಗೇ ಕಾಣುವ, ಆದರೆ ನಿಜವಾಗಿ ಗಡ್ಡೆಯಾಗಿರುವ ಕೆಲವು ಕಾಯಿಲೆಗಳಿವೆ. ಹಳೇ ಸುಟ್ಟ ಕಲೆಯ ಮೇಲೆ ಮಾಯದ ಹುಣ್ಣು ಬಂದವರೂ ತಡ ಮಾಡಬಾರದು. ನಿಮ್ಮ ವಿವರದಲ್ಲಿ ಇದ್ಯಾವುದೂ ಇಲ್ಲ.

ನಿಮ್ಮ ಅಕ್ಕನ ಕಲೆಯ ವಿಷಯ ಬರೆದದ್ದು ಒಳ್ಳೆಯದಾಯಿತು. ಅವರಿಗೆ ಆಗಿದ್ದು ಬೇರೆ, ನಿಮಗೆ ಆಗಿರುವುದು ಬೇರೆ. ಅವರದ್ದು ಹೈಪರ್ಟ್ರೋಫಿಕ್ ಕಲೆ. ಗಾಯ ಆದ ಒಂದೆರಡು ತಿಂಗಳಲ್ಲೇ ಅದು ಉಬ್ಬುತ್ತದೆ, ಕೆಂಪಾಗುತ್ತದೆ, ತುರಿಸುತ್ತದೆ. ಆದರೆ ಹೊಲಿಗೆ ಎಷ್ಟು ಉದ್ದ, ಎಷ್ಟು ಅಗಲ ಇತ್ತೋ ಆ ಗೆರೆ ದಾಟುವುದಿಲ್ಲ. ಒಂದೆರಡು ವರ್ಷದಲ್ಲಿ ಬಹಳಷ್ಟು ಸಲ ತಾನಾಗಿಯೇ ಮೆತ್ತಗಾಗಿ ತಗ್ಗುತ್ತದೆ. ಕೆಲಾಯ್ಡ್ ಹಾಗಲ್ಲ. ಗಾಯ ವಾಸಿಯಾಗಿ ತಿಂಗಳುಗಟ್ಟಲೆ ಆದ ಮೇಲೆ, ಕೆಲವೊಮ್ಮೆ ವರ್ಷ ಕಳೆದ ಮೇಲೆ ಶುರುವಾಗಬಹುದು. ಮೂಲ ಗಾಯದ ಗಡಿ ದಾಟಿ ಸುತ್ತಲಿನ ಒಳ್ಳೆಯ ಚರ್ಮದ ಮೇಲೂ ಹರಡುತ್ತದೆ. ಸಾಸಿವೆಯಷ್ಟು ಮೊಡವೆ ಇದ್ದ ಕಡೆ ಎರಡು ಬೆರಳಿನ ಅಗಲದ ಗಂಟು ಎದ್ದಿದೆ ಅಂದರೆ ಅದಕ್ಕಿಂತ ಸ್ಪಷ್ಟ ಗುರುತು ಬೇಕಿಲ್ಲ. ಸುಮ್ನೆ ಬಿಟ್ಟರೆ ಅದು ತಾನಾಗಿ ಹೋಗುವುದು ತೀರಾ ಕಡಿಮೆ. ಹಾಗಾಗಿ ಅಕ್ಕನ ಹಾಗೆ ಕಾದು ನೋಡೋಣ ಅಂತ ಇನ್ನೊಂದು ವರ್ಷ ಕಳೆಯಬೇಡಿ.

ಯಾಕೆ ಹೀಗಾಗುತ್ತದೆ? ಗಾಯ ಆದಾಗ ಚರ್ಮದೊಳಗಿನ ಫೈಬ್ರೋಬ್ಲಾಸ್ಟ್ ಎಂಬ ಕಣಗಳು ಕೊಲಾಜೆನ್ ಎಳೆಗಳನ್ನು ಹೆಣೆದು ಬಿರುಕು ಮುಚ್ಚುತ್ತವೆ. ಬಿರುಕು ಮುಚ್ಚಿತು ಅಂದರೆ ಕೆಲಸ ನಿಲ್ಲಬೇಕು. ಕೆಲಾಯ್ಡ್‌ನಲ್ಲಿ ಅದು ನಿಲ್ಲುವುದಿಲ್ಲ. ಗೋಡೆ ಎದ್ದ ಮೇಲೂ ಇಟ್ಟಿಗೆ ಇಡುತ್ತಲೇ ಇರುವ ಗಾರೆ ಕೆಲಸದವರ ಹಾಗೆ ಕಣಗಳು ಕೊಲಾಜೆನ್ ತಯಾರಿಸುತ್ತಲೇ ಹೋಗುತ್ತವೆ. ಸಣ್ಣ ಮಟ್ಟದ ಉರಿಯೂತ ಒಳಗೇ ಉಳಿದಿರುತ್ತದೆ, ತುರಿಕೆಗೂ ನೋವಿಗೂ ಅದೇ ಕಾರಣ. ಮನೆಯವರಲ್ಲಿ ಯಾರಿಗಾದರೂ ಇದ್ದರೆ ಸಾಧ್ಯತೆ ಜಾಸ್ತಿ. ಕಪ್ಪು, ಕಂದು ಮೈಬಣ್ಣದವರಲ್ಲಿ ಜಾಸ್ತಿ. 10ರಿಂದ 30 ವರ್ಷದೊಳಗೆ ಜಾಸ್ತಿ. ಗರ್ಭಿಣಿಯಾದಾಗ ಇದ್ದ ಕೆಲಾಯ್ಡ್ ಇನ್ನೂ ಬೆಳೆಯುವುದುಂಟು.

ಇನ್ನೊಂದು ಕಾರಣವನ್ನು ಬಹಳ ಜನ ಗಮನಿಸುವುದೇ ಇಲ್ಲ: ಎಳೆತ. ಎದೆಯ ನಡುಭಾಗ, ಹೆಗಲು, ಬೆನ್ನಿನ ಮೇಲ್ಭಾಗದ ಚರ್ಮ ದಿನವಿಡೀ ಎಳೆದಾಡುತ್ತಿರುತ್ತದೆ. ಕನ್ನಡಿ ಮುಂದೆ ನಿಂತು ಎರಡೂ ಕೈ ಹಿಂದಕ್ಕೆ ಚಾಚಿ ನೋಡಿ, ನಿಮ್ಮ ಎದೆಯ ಗಂಟು ಎರಡೂ ಪಕ್ಕಕ್ಕೆ ಬಿಗಿಯಾಗಿ ಬಿಳಿಚಿಕೊಳ್ಳುತ್ತದೆ. ಅದು ಹರಡಿರುವುದೂ ಮೇಲೆ-ಕೆಳಗೆ ಅಲ್ಲ, ಎಡ-ಬಲಕ್ಕೇ ಇರಬೇಕು. ಎಳೆತ ಯಾವ ಕಡೆಗೋ ಕೆಲಾಯ್ಡ್ ಆ ಕಡೆಗೇ ಬೆಳೆಯುತ್ತದೆ. ಎಳೆತವೇ ಇಲ್ಲದ ಕಣ್ಣಿನ ರೆಪ್ಪೆಯಲ್ಲಿ ಕೆಲಾಯ್ಡ್ ಬಹಳ ಅಪರೂಪ. ಹಾಗಂತ ಎಳೆತ ಒಂದೇ ಕಾರಣವಲ್ಲ. ಕಿವಿಯಲ್ಲಿ ಅಷ್ಟು ಎಳೆತ ಇಲ್ಲ, ಆದರೂ ಅಲ್ಲಿ ಕೆಲಾಯ್ಡ್ ಬಹಳ ಸಾಮಾನ್ಯ. ಚುಚ್ಚಿದ ತೂತು ಕೀವಾಗಿ ವಾರಗಟ್ಟಲೆ ನೋಯುತ್ತಿದ್ದರೆ ಅಲ್ಲಿ ಗಂಟು ಏಳುವ ಸಾಧ್ಯತೆ ಜಾಸ್ತಿ.

ಈಗ ಇಬ್ಬರು ಡಾಕ್ಟರ ಮಾತಿಗೆ ಬರೋಣ. ಕತ್ತರಿಸೋಣ ಅಂದವರನ್ನು ಒಂದು ಪ್ರಶ್ನೆ ಕೇಳಿ: ಕತ್ತರಿಸಿದ ಮೇಲೆ ಮತ್ತೆ ಬೆಳೆಯದಂತೆ ಏನು ಮಾಡುತ್ತೀರಿ? ಇಡೀ ಚಿಕಿತ್ಸೆ ನಿಂತಿರುವುದು ಈ ಪ್ರಶ್ನೆಯ ಮೇಲೆ. ಕೆಲಾಯ್ಡ್ ಕತ್ತರಿಸಿ ಹೊಲಿಗೆ ಹಾಕಿ ಮನೆಗೆ ಕಳಿಸಿದರೆ, ಮತ್ತೆ ಬೆಳೆಯುವ ಪ್ರಮಾಣ ಬೇರೆ ಬೇರೆ ಅಧ್ಯಯನಗಳಲ್ಲಿ ಶೇ 45ರಿಂದ ಶೇ 100ರವರೆಗೆ ಕಂಡಿದೆ. ಎಷ್ಟೋ ಸಲ ಮೊದಲಿಗಿಂತ ದೊಡ್ಡದಾಗಿ ಬರುತ್ತದೆ, ಯಾಕೆಂದರೆ ಸಾಸಿವೆಯಷ್ಟು ಗಾಯಕ್ಕೇ ಇಷ್ಟು ಬೆಳೆದ ಚರ್ಮಕ್ಕೆ ಈಗ ಎರಡು ಮೂರು ಇಂಚಿನ ಹೊಸ ಗಾಯ ಸಿಕ್ಕಿರುತ್ತದೆ. ನಿಮ್ಮ ಎದೆಯ ಗಂಟಿಗೆ ಸದ್ಯಕ್ಕೆ ಕತ್ತರಿ ಬೇಡ ಅನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ಕಿವಿಯದ್ದು ಬೇರೆ ಲೆಕ್ಕ, ಅದಕ್ಕೆ ಆಮೇಲೆ ಬರುತ್ತೇನೆ.

ಎದೆಗೆ ಮೊದಲ ಆಯ್ಕೆ ಗಂಟಿನೊಳಗೇ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್. ಔಷಧಿಯ ಹೆಸರು ಟ್ರಯಾಮ್ಸಿನೊಲೋನ್. ಒಂದು ಎಂಎಲ್‌ನಲ್ಲಿ 10ರಿಂದ 40 ಮಿಲಿಗ್ರಾಂ ಇರುವಂತೆ, ಗಂಟಿನ ದಪ್ಪ ಮತ್ತು ಜಾಗ ನೋಡಿ ಹದ ಮಾಡಿಕೊಳ್ಳುತ್ತೇವೆ. ಇದು ಉರಿಯೂತ ಇಳಿಸುತ್ತದೆ, ಹೊಸ ಕೊಲಾಜೆನ್ ತಯಾರಾಗುವುದನ್ನು ತಡೆಯುತ್ತದೆ, ಇದ್ದದ್ದು ಕರಗುವುದಕ್ಕೆ ದಾರಿ ಮಾಡುತ್ತದೆ. ನಾಲ್ಕರಿಂದ ಆರು ವಾರಕ್ಕೊಮ್ಮೆ ಕೊಡಬೇಕು. ಎಷ್ಟು ಸಲ ಅನ್ನುವುದು ಗಂಟಿನ ಮೇಲೆ ನಿಂತಿದೆ, ಆದರೆ ಒಂದೆರಡಕ್ಕೆ ಮುಗಿಯುವುದಿಲ್ಲ ಅಂತ ಮೊದಲೇ ಮನಸ್ಸು ಮಾಡಿಕೊಂಡು ಹೋಗಿ.

ಮೊದಲ ಸಲ ಏನಾಗುತ್ತದೆ ಅಂತ ಗೊತ್ತಿದ್ದರೆ ಅರ್ಧ ಹೆದರಿಕೆ ಕಡಿಮೆ. ಕೆಲಾಯ್ಡ್ ಗಟ್ಟಿ ರಬ್ಬರಿನಂತಿರುವುದರಿಂದ ಔಷಧಿ ಸಲೀಸಾಗಿ ಒಳಗೆ ಹೋಗುವುದಿಲ್ಲ. ಸಣ್ಣ ಸಿರಿಂಜ್ ಹಿಡಿದು ಬಲವಾಗಿ ಒತ್ತಬೇಕಾಗುತ್ತದೆ. ಸೂಜಿ ಗಂಟಿನ ಮಧ್ಯದಲ್ಲೇ ಇರಬೇಕು. ಸರಿಯಾದ ಜಾಗಕ್ಕೆ ಬಿದ್ದಾಗ ಗಂಟು ನೋಡ ನೋಡುತ್ತಿದ್ದಂತೆ ಬಿಳಿಚಿಕೊಳ್ಳುತ್ತದೆ. ಔಷಧಿ ತೀರಾ ಸಲೀಸಾಗಿ ಹೋಯಿತು ಅಂದರೆ ಸೂಜಿ ಗಂಟು ದಾಟಿ ಕೆಳಗಿನ ಕೊಬ್ಬಿಗೆ ಇಳಿದಿದೆ ಅಂತ ಅರ್ಥ. ಹಾಗಾದರೆ ಗಂಟು ಹಾಗೇ ಉಳಿದು ಅದರ ಸುತ್ತ ಗುಳಿ ಬೀಳುತ್ತದೆ. ನೋವು ಇರುತ್ತದೆ, ಇಲ್ಲ ಅಂತ ಸುಳ್ಳು ಹೇಳಲಾರೆ. ಮರಗಟ್ಟಿಸುವ ಕ್ರೀಮನ್ನು ಒಂದು ಗಂಟೆ ಮೊದಲೇ ಹಚ್ಚಿಸಿಕೊಳ್ಳಿ, ಔಷಧಿಯ ಜೊತೆ ಮರಗಟ್ಟಿಸುವ ಲಿಡೋಕೇನ್ ಸೇರಿಸುವಂತೆ ಕೇಳಿ. ಮೊದಲ ಒಂದೆರಡು ಸಲ ಜಾಸ್ತಿ ನೋಯುತ್ತದೆ, ಗಂಟು ಮೆತ್ತಗಾಗುತ್ತಾ ಹೋದಂತೆ ನೋವೂ ಇಳಿಯುತ್ತದೆ.

ಮೊದಲು ತಗ್ಗುವುದು ತುರಿಕೆ. ನಿಮಗೆ ರಾತ್ರಿ ನಿದ್ದೆ ಸರಿಯಾಗಿ ಬಂದರೆ ಅದೇ ಮೊದಲ ಗೆಲುವು. ಆಮೇಲೆ ಗಂಟು ಮೆತ್ತಗಾಗುತ್ತದೆ, ಎತ್ತರ ತಗ್ಗುವುದು ಕೊನೆಗೆ. ಅಡ್ಡ ಪರಿಣಾಮಗಳೂ ಇವೆ. ಸುತ್ತಲಿನ ಚರ್ಮ ತೆಳ್ಳಗಾಗಬಹುದು, ಬಿಳಿ ಬಣ್ಣಕ್ಕೆ ತಿರುಗಬಹುದು, ಸಣ್ಣ ಕೆಂಪು ರಕ್ತನಾಳಗಳು ಕಾಣಿಸಿಕೊಳ್ಳಬಹುದು. ಬಿಳಿಚಿದ ಬಣ್ಣ ಹೆಚ್ಚಿನವರಲ್ಲಿ ನಿಧಾನಕ್ಕೆ ಮರಳುತ್ತದೆ, ತಿಂಗಳುಗಳೇ ಹಿಡಿಯುತ್ತವೆ. ಮುಟ್ಟಿನ ದಿನ ಹಿಂದೆ ಮುಂದೆ ಆಗಬಹುದು, ಗಾಬರಿಯಾಗಬೇಡಿ, ಡಾಕ್ಟರಿಗೆ ತಿಳಿಸಿ. ಸಕ್ಕರೆ ಕಾಯಿಲೆ ಇರುವವರು ಮೊದಲೇ ಹೇಳಬೇಕು, ಕೆಲವು ದಿನ ಸಕ್ಕರೆ ಏರಬಹುದು. ಗಂಟು ಚರ್ಮದ ಮಟ್ಟಕ್ಕೆ ಬಂತು ಅಂದರೆ ಇಂಜೆಕ್ಷನ್ ನಿಲ್ಲಿಸಬೇಕು, ಇನ್ನೂ ಸ್ವಲ್ಪ ತಗ್ಗಲಿ ಅಂತ ಆಸೆಪಟ್ಟರೆ ಗುಳಿ ಬೀಳುತ್ತದೆ.

ನಾಲ್ಕು ಇಂಜೆಕ್ಷನ್ ಆದರೂ ಗಂಟು ಅಲುಗಾಡದಿದ್ದರೆ ಅದನ್ನೇ ಮುಂದುವರಿಸುವುದರಲ್ಲಿ ಅರ್ಥವಿಲ್ಲ. ಆಗ ಎರಡನೇ ಔಷಧಿ ಸೇರಿಸುತ್ತೇವೆ. ಅದು 5-ಫ್ಲೋರೋಯುರಾಸಿಲ್, ಡಾಕ್ಟರುಗಳ ಬಾಯಲ್ಲಿ 5-ಎಫ್‌ಯು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಸುವ ಔಷಧಿ ಅಂತ ಗೊತ್ತಾದಾಗ ಬಹಳ ಜನ ಬೆಚ್ಚಿಬೀಳುತ್ತಾರೆ. ಇಲ್ಲಿ ಅದನ್ನು ಬಹಳ ಸ್ವಲ್ಪವೇ, ಗಂಟಿನೊಳಗೆ ಮಾತ್ರ ಕೊಡುವುದು. ವೇಗವಾಗಿ ಹೆಚ್ಚುತ್ತಿರುವ ಫೈಬ್ರೋಬ್ಲಾಸ್ಟ್‌ಗಳನ್ನು ಅದು ತಡೆಯುತ್ತದೆ. ಸಾಮಾನ್ಯವಾಗಿ ಒಂಬತ್ತು ಪಾಲು 5-ಎಫ್‌ಯು, ಒಂದು ಪಾಲು ಸ್ಟೀರಾಯ್ಡ್ ಬೆರೆಸಿ ಕೊಡುತ್ತಾರೆ. ಎರಡೂ ಸೇರಿದಾಗ ಸ್ಟೀರಾಯ್ಡ್ ಒಂದಕ್ಕಿಂತ ಗಂಟು ಚೆನ್ನಾಗಿ ತಗ್ಗುತ್ತದೆ, ಚರ್ಮ ತೆಳ್ಳಗಾಗುವುದೂ ಕಡಿಮೆ. ಚುಚ್ಚಿದ ಕಡೆ ಉರಿ, ಕಪ್ಪಾಗುವುದು, ಕೆಲವೊಮ್ಮೆ ಮೇಲೆ ಸಣ್ಣ ಹುಣ್ಣು ಆಗಬಹುದು. ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಇದು ಬೇಡವೇ ಬೇಡ. ಮಗುವಿನ ಯೋಚನೆ ಇದ್ದರೆ ಮೊದಲೇ ಬಾಯಿ ಬಿಟ್ಟು ಹೇಳಿ. ಬ್ಲಿಯೋಮೈಸಿನ್, ವೆರಪಾಮಿಲ್ ಅನ್ನುವ ಔಷಧಿಗಳನ್ನೂ ಕೆಲವರು ಹೀಗೇ ಬಳಸುತ್ತಾರೆ.

ಕ್ರಯೋಥೆರಪಿ ಅಂದರೆ ಮೈನಸ್ 196 ಡಿಗ್ರಿಯ ಲಿಕ್ವಿಡ್ ನೈಟ್ರೋಜನ್‌ನಿಂದ ಗಂಟನ್ನು ಹೆಪ್ಪುಗಟ್ಟಿಸುವುದು. ಸಣ್ಣ ಗಂಟುಗಳಿಗೆ ಒಳ್ಳೆಯದು. ಇಂಜೆಕ್ಷನ್‌ಗೆ ಸ್ವಲ್ಪ ಮೊದಲು ಮಾಡಿದರೆ ಗಂಟು ಊದಿ ಮೆತ್ತಗಾಗುತ್ತದೆ, ಔಷಧಿ ಸುಲಭವಾಗಿ ಇಳಿಯುತ್ತದೆ. ಆದರೆ ಬಣ್ಣ ಕೊಡುವ ಕಣಗಳು ಚಳಿ ತಡೆಯಲಾರವು. ಕಂದು ಮೈಬಣ್ಣದವರಲ್ಲಿ ಬಿಳಿ ಕಲೆ ವರ್ಷಗಟ್ಟಲೆ ಉಳಿಯಬಹುದು. ನಿಮ್ಮ ಎದೆಯ ಮೇಲಿರುವಷ್ಟು ಅಗಲದ ಗಂಟಿಗೆ ಮೇಲಿಂದ ಸ್ಪ್ರೇ ಮಾಡುವ ಕ್ರಯೋ ನನ್ನ ಆಯ್ಕೆ ಅಲ್ಲ.

ಲೇಸರ್ ಬಗ್ಗೆ ಜಾಹೀರಾತು ಜಾಸ್ತಿ, ನಿರೀಕ್ಷೆಯೂ ಜಾಸ್ತಿ. ಪಲ್ಸ್ಡ್ ಡೈ ಲೇಸರ್ ಕೆಂಪು ಮತ್ತು ತುರಿಕೆ ಇಳಿಸುತ್ತದೆ, ಎತ್ತರ ಸ್ವಲ್ಪ ತಗ್ಗಿಸುತ್ತದೆ. ಫ್ರಾಕ್ಷನಲ್ ಸಿಒ2 ಲೇಸರ್ ಗಂಟಿನಲ್ಲಿ ಸೂಕ್ಷ್ಮ ರಂಧ್ರಗಳನ್ನು ಮಾಡುತ್ತದೆ, ಅದರ ಮೇಲೆ ಸ್ಟೀರಾಯ್ಡ್ ಹಚ್ಚಿದರೆ ಒಳಕ್ಕೆ ಇಳಿಯುತ್ತದೆ. ಸುಟ್ಟ ಗಾಯದ ಉಬ್ಬಿದ ಕಲೆಗಳಿಗೆ ಇದರಿಂದ ನಿಜವಾಗಿ ಅನುಕೂಲ ಇದೆ. ಆದರೆ ಕೆಲಾಯ್ಡ್‌ಗೆ ಲೇಸರ್ ಒಂದನ್ನೇ ನೆಚ್ಚಿಕೊಂಡರೆ ಆಗದು. ಲೇಸರ್‌ನಿಂದ ಪೂರ್ತಿ ಕೆತ್ತಿ ತೆಗೆಯುತ್ತೇವೆ, ಮತ್ತೆ ಬರುವುದೇ ಇಲ್ಲ ಅಂತ ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಕತ್ತಿಯಿಂದ ತೆಗೆದರೂ ಲೇಸರ್‌ನಿಂದ ತೆಗೆದರೂ ಚರ್ಮಕ್ಕೆ ಅದು ಗಾಯವೇ.

ಇನ್ನು ಕಿವಿ. ಕಿವಿಯ ಕೆಲಾಯ್ಡ್‌ನಲ್ಲಿ ಶಸ್ತ್ರಚಿಕಿತ್ಸೆ ಒಳ್ಳೆಯ ಫಲ ಕೊಡುತ್ತದೆ, ಒಂದೇ ಷರತ್ತು: ಮುಂದಿನ ಚಿಕಿತ್ಸೆ ತಪ್ಪಬಾರದು. ನಿಮ್ಮದು ಇನ್ನೂ ಸಣ್ಣದಿದೆ. ಎದೆಗೆ ಇಂಜೆಕ್ಷನ್ ಕೊಡಿಸುವ ದಿನವೇ ಕಿವಿಗೂ ಕೊಡಿಸಿ ಮೂರು ನಾಲ್ಕು ತಿಂಗಳು ನೋಡಬಹುದು. ತಗ್ಗದಿದ್ದರೆ, ಅಥವಾ ಗಂಟು ಸಣ್ಣ ತೊಟ್ಟಿನ ಮೇಲೆ ನಿಂತಂತಿದ್ದರೆ, ತೆಗೆಸಬಹುದು. ತೆಗೆಯುವ ದಿನವೇ ಅಥವಾ ಹೊಲಿಗೆ ಬಿಚ್ಚುವ ಹೊತ್ತಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಶುರುವಾಗಬೇಕು, ಆಮೇಲೆ ತಿಂಗಳಿಗೊಮ್ಮೆಯಂತೆ ಕೆಲವು ತಿಂಗಳು ಮುಂದುವರಿಯಬೇಕು. ಗಾಯ ಮಾಯ್ದ ಮೇಲೆ ಒತ್ತಡ ಕೊಡುವ ಕ್ಲಿಪ್ ಹಾಕಬೇಕು. ಕಿವಿಹಾಲೆಗಾದರೆ ಓಲೆಯಂಥದ್ದೇ ಸಿಗುತ್ತದೆ. ನಿಮ್ಮದು ಮೇಲ್ಭಾಗದಲ್ಲಿ ಇರುವುದರಿಂದ ಕಿವಿಯ ಅಳತೆಗೆ ಮಾಡಿಸಬೇಕಾಗಬಹುದು. ದಿನಕ್ಕೆ ಕನಿಷ್ಠ 12 ಗಂಟೆ, ಆರು ತಿಂಗಳಾದರೂ ಹಾಕಬೇಕು. ಕ್ಲಿಪ್ ಬಿಗಿಯಾಗಿ ಚರ್ಮ ನೀಲಿಯಾದರೆ ಅಥವಾ ನೋವಾದರೆ ಸಡಿಲ ಮಾಡಿಸಿ. ಇದು ಬೇಜಾರಿನ ಕೆಲಸ, ನನಗೆ ಗೊತ್ತು. ಆದರೆ ಕಿವಿಯ ಗಂಟು ಮತ್ತೆ ಬಂದವರನ್ನು ಕೇಳಿದರೆ ಬಹಳ ಸಲ ಸಿಗುವ ಉತ್ತರ, ಹೊಲಿಗೆ ಬಿಚ್ಚಿದ ಮೇಲೆ ಆಸ್ಪತ್ರೆ ಕಡೆ ಹೋಗಲೇ ಇಲ್ಲ ಅನ್ನುವುದು.

ಮತ್ತೆ ಮತ್ತೆ ಬರುವ, ಬೇರೆ ಯಾವುದಕ್ಕೂ ಜಗ್ಗದ ಕೆಲಾಯ್ಡ್‌ಗೆ ಕತ್ತರಿಸಿದ 24ರಿಂದ 48 ಗಂಟೆಯೊಳಗೆ ರೇಡಿಯೇಷನ್ ಶುರು ಮಾಡುವುದುಂಟು. ಕೆಲವೇ ದಿನದಲ್ಲಿ ಮುಗಿಯುತ್ತದೆ. ಮತ್ತೆ ಬರುವುದನ್ನು ತಡೆಯುವಲ್ಲಿ ಬಹಳ ಬಲವಾದ ಚಿಕಿತ್ಸೆ ಇದು. ಆದರೆ ಮಕ್ಕಳಿಗೆ ಕೊಡುವುದಿಲ್ಲ. ಥೈರಾಯ್ಡ್, ಸ್ತನದಂಥ ಭಾಗದ ಹತ್ತಿರ ಕೊಡುವಾಗ ಬಹಳ ಯೋಚಿಸಬೇಕು, ಮುಂದೆಂದೋ ಕ್ಯಾನ್ಸರ್ ಬರುವ ಅಪಾಯ ಸಣ್ಣದಾದರೂ ಇದೆ. 24ರ ಹುಡುಗಿಯ ಎದೆಗೆ ನಾನು ಇದನ್ನು ಮೊದಲ ಸಾಲಿನಲ್ಲಿ ಸೂಚಿಸುವುದಿಲ್ಲ.

ಮನೆಯಲ್ಲಿ ಮಾಡುವುದರಲ್ಲಿ ನಿಜವಾಗಿ ಕೆಲಸಕ್ಕೆ ಬರುವುದು ಸಿಲಿಕಾನ್ ಜೆಲ್ ಶೀಟ್. ಚರ್ಮಕ್ಕೆ ಅಂಟಿಕೊಂಡು ಕೂರುವ ಮೆತ್ತನೆಯ ಹಾಳೆ. ಕಲೆಯ ಮೇಲಿನ ನೀರಿನಂಶ ಆರದಂತೆ ಹಿಡಿದಿಡುತ್ತದೆ, ಅದರಿಂದ ಒಳಗಿನ ಕಣಗಳ ಆವೇಶ ತಗ್ಗುತ್ತದೆ. ಹೊಸ ಕಲೆ ಉಬ್ಬದಂತೆ ತಡೆಯುವುದಕ್ಕೆ, ನಿಮ್ಮ ಅಕ್ಕನ ತರಹದ ಕಲೆ ಬೇಗ ತಗ್ಗುವುದಕ್ಕೆ ಇದು ಮೊದಲ ಆಯ್ಕೆ. ಎರಡು ವರ್ಷದ ಕೆಲಾಯ್ಡ್ ಇದೊಂದರಿಂದಲೇ ಕರಗುವುದಿಲ್ಲ, ಇಂಜೆಕ್ಷನ್ ಜೊತೆಗೆ ಬೆಂಬಲ ಅಂತ ಬಳಸಿ. ಕಲೆಗಿಂತ ಸ್ವಲ್ಪ ದೊಡ್ಡದಾಗಿ ಕತ್ತರಿಸಿಕೊಳ್ಳಿ. ಮೊದಲ ದಿನ ಕೆಲವೇ ಗಂಟೆ ಹಾಕಿ, ಚರ್ಮ ಒಗ್ಗಿದ ಮೇಲೆ ದಿನಕ್ಕೆ 12 ಗಂಟೆಗಿಂತ ಹೆಚ್ಚು, ಎರಡು ಮೂರು ತಿಂಗಳಾದರೂ ಬಿಡದೆ ಹಾಕಿ. ಎದೆಯ ಮೇಲೆ ಬೆವರು ಜಾಸ್ತಿ, ದಿನಾ ಹಾಳೆಯನ್ನೂ ಚರ್ಮವನ್ನೂ ಮೃದು ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಅಂಟಿಸಿ. ಗುಳ್ಳೆ ಎದ್ದರೆ ಒಂದೆರಡು ದಿನ ಬಿಟ್ಟು ಮತ್ತೆ ಶುರು ಮಾಡಿ. ಹಸಿ ಗಾಯದ ಮೇಲೆ ಮಾತ್ರ ಹಾಕಬಾರದು. ಮುಖ, ಮೊಣಕೈಯಂಥ ಕಡೆ ಹಾಳೆ ನಿಲ್ಲದಿದ್ದರೆ ಟ್ಯೂಬಿನಲ್ಲಿ ಬರುವ ಸಿಲಿಕಾನ್ ಜೆಲ್ ದಿನಕ್ಕೆ ಎರಡು ಸಲ ಹಚ್ಚಬಹುದು.

ಈರುಳ್ಳಿ ಸಾರದ ಕ್ರೀಮುಗಳಿಂದ ದೊಡ್ಡ ಪ್ರಯೋಜನ ಸಾಬೀತಾಗಿಲ್ಲ. ವಿಟಮಿನ್ ಇ ಎಣ್ಣೆಯೂ ಅಷ್ಟೇ, ಮೇಲಾಗಿ ಕೆಲವರಿಗೆ ಅಲರ್ಜಿ ಆಗುತ್ತದೆ. ಇದಕ್ಕೆ ದುಡ್ಡು ಹಾಕುವ ಬದಲು ಶೀಟ್ ಕೊಳ್ಳಿ. ಗಂಟಿಗೆ ದಾರ ಬಿಗಿಯುವುದು, ಆಸಿಡ್ ಅಥವಾ ಸುಣ್ಣ ಹಚ್ಚಿ ಸುಡುವುದು, ಬ್ಲೇಡಿನಲ್ಲಿ ಕೆರೆಯುವುದು ಇದ್ಯಾವುದಕ್ಕೂ ಕೈ ಹಾಕಬೇಡಿ. ಸುಟ್ಟಷ್ಟೂ ಗಾಯ, ಗಾಯ ಆದಷ್ಟೂ ಗಂಟು.

ತುರಿಕೆಗೆ ಉಗುರು ಹಾಕಬೇಡಿ. ಮಾಯಿಶ್ಚರೈಸರ್ ಹಚ್ಚಿ, ತಣ್ಣನೆಯ ಬಟ್ಟೆ ಒತ್ತಿ. ಇಂಜೆಕ್ಷನ್ ಕೆಲಸ ಶುರು ಮಾಡುವವರೆಗೆ ರಾತ್ರಿ ಒಂದು ಅಲರ್ಜಿ ಮಾತ್ರೆ ತೆಗೆದುಕೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿ.

ಪೂರ್ತಿ ಹೋಗುತ್ತಾ ಅಂತ ಕೇಳಿದ್ದೀರಿ. ತುರಿಕೆ, ನೋವು ಹೋಗುತ್ತದೆ ಅಂತ ಧೈರ್ಯವಾಗಿ ಹೇಳಬಲ್ಲೆ. ಗಂಟು ಚರ್ಮದ ಮಟ್ಟಕ್ಕೆ, ಇಲ್ಲವೇ ಅದರ ಹತ್ತಿರಕ್ಕೆ ತಗ್ಗುವ ಸಾಧ್ಯತೆ ಚೆನ್ನಾಗಿದೆ. ಅಲ್ಲೊಂದು ಕಲೆಯೇ ಇರಲಿಲ್ಲ ಅನ್ನುವಂತೆ ಆಗುವುದಿಲ್ಲ. ಬಣ್ಣ ಸ್ವಲ್ಪ ಬೇರೆ, ಚರ್ಮ ಸ್ವಲ್ಪ ನಯವಾಗಿ ಹೊಳೆಯುವ ಒಂದು ಜಾಗ ಉಳಿಯುತ್ತದೆ. ಸ್ಟೀರಾಯ್ಡ್‌ನಿಂದ ತಗ್ಗಿದ ಮೇಲೂ ಮತ್ತೆ ಬೆಳೆಯುವುದು ಶೇ 9ರಿಂದ ಶೇ 50ರವರೆಗೆ ಕಂಡಿದೆ. ಹಾಗಾಗಿ ತಗ್ಗಿದ ಮೇಲೂ ಎರಡು ವರ್ಷ ಕಣ್ಣಿಟ್ಟಿರಬೇಕು. ತಿಂಗಳಿಗೊಂದು ಫೋಟೋ ತೆಗೆದಿಡಿ, ಅದೇ ಬೆಳಕು, ಅದೇ ದೂರ, ಪಕ್ಕದಲ್ಲಿ ಒಂದು ಸ್ಕೇಲ್. ದಿನಾ ನೋಡುವ ಕಣ್ಣಿಗೆ ಬದಲಾವಣೆ ತಿಳಿಯುವುದಿಲ್ಲ, ಫೋಟೋದಲ್ಲಿ ತಿಳಿಯುತ್ತದೆ. ತುರಿಕೆ ಮರಳಿತು ಅಥವಾ ಅಂಚು ಗಟ್ಟಿಯಾಯಿತು ಅಂದರೆ ಅದು ಮತ್ತೆ ಏಳುವ ಮೊದಲ ಸೂಚನೆ. ಆ ಹಂತದಲ್ಲಿ ಒಂದು ಇಂಜೆಕ್ಷನ್ ಸಾಕಾಗಬಹುದು, ಆರು ತಿಂಗಳು ಬಿಟ್ಟರೆ ಸಾಲುವುದಿಲ್ಲ.

ಒಂದು ಮಾತು ನಿಮ್ಮ ಮನಸ್ಸಿನ ಬಗ್ಗೆ. ಎದೆಯ ಕಲೆ ಕಾಣದಿರಲಿ ಅಂತ ಕತ್ತಿನವರೆಗೆ ಮುಚ್ಚುವ ಬಟ್ಟೆ ಹಾಕಿಕೊಂಡು, ಗೆಳತಿಯರ ಜೊತೆ ಹೋಗುವುದನ್ನೇ ಬಿಟ್ಟವರನ್ನು ನಾನು ನೋಡಿದ್ದೇನೆ. ನಿಮಗೂ ಹಾಗೆ ಅನಿಸುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಬರೀ ಅಂದದ ವಿಷಯ ಅಂತ ಯಾರಾದರೂ ತಳ್ಳಿಹಾಕಿದರೆ ಬೇರೆಯವರ ಹತ್ತಿರ ಹೋಗಿ. ಇದು ಚಿಕಿತ್ಸೆ ಇರುವ ಕಾಯಿಲೆ, ಕೇಳುವ ಹಕ್ಕು ನಿಮಗಿದೆ.

ಕೊನೆಗೆ, ಹೊಸ ಗಾಯ ಆಗದಂತೆ ನೋಡಿಕೊಳ್ಳಿ. ಎದೆ, ಬೆನ್ನಿನಲ್ಲಿ ಇನ್ನೂ ಮೊಡವೆ ಏಳುತ್ತಿದ್ದರೆ ಅದಕ್ಕೆ ಈಗಲೇ ಗಟ್ಟಿ ಚಿಕಿತ್ಸೆ ಬೇಕು, ಪ್ರತಿಯೊಂದು ಮೊಡವೆಯೂ ಮುಂದಿನ ಕೆಲಾಯ್ಡ್ ಆಗಬಹುದು. ಮೊಡವೆ ಹಿಸುಕಬೇಡಿ. ಇನ್ನೊಂದು ಕಡೆ ಚುಚ್ಚಿಸುವುದು, ಹಚ್ಚೆ ಹಾಕಿಸುವುದು ಬೇಡ. ಮಚ್ಚೆ ತೆಗೆಸುವಂಥ ಬೇಡದ ಸರ್ಜರಿಯೂ ಬೇಡ. ಆಗಲೇಬೇಕಾದ ಆಪರೇಷನ್ ಇದ್ದರೆ ಹೆದರಿ ಮುಂದೂಡಬೇಡಿ, ನನಗೆ ಕೆಲಾಯ್ಡ್ ಆಗುತ್ತದೆ ಅಂತ ಸರ್ಜನ್‌ಗೆ ಮೊದಲೇ ಹೇಳಿ. ಎಳೆತ ಕಡಿಮೆ ಬೀಳುವ ದಿಕ್ಕಿನಲ್ಲಿ ಗೆರೆ ಹಾಕಿ, ಒಳಗಿನ ಪದರಕ್ಕೂ ಹೊಲಿಗೆ ಕೊಟ್ಟು ಮುಚ್ಚುವುದು ಅವರ ಕೈಯಲ್ಲಿದೆ. ಹೊಲಿಗೆ ಬಿಚ್ಚಿದ ದಿನದಿಂದ ಪೇಪರ್ ಟೇಪ್, ಗಾಯ ಪೂರ್ತಿ ಮುಚ್ಚಿದ ಮೇಲೆ ಸಿಲಿಕಾನ್ ಶೀಟ್, ಮೊದಲ ಉಬ್ಬು ಕಂಡ ವಾರವೇ ಇಂಜೆಕ್ಷನ್: ಈ ಮೂರನ್ನೂ ಆಪರೇಷನ್‌ಗೆ ಮುಂಚೆಯೇ ಅವರ ಜೊತೆ ಕೂತು ಮಾತಾಡಿಕೊಳ್ಳಿ.